ಗೊರೇಬಾಳದ ತಿರುವಿನಲ್ಲಿ ಭಾರವಾದ ಸ್ಟೇರಿಂಗು

ಸಿಂಧನೂರಿನ ಆಸ್ಪತ್ರೆಯ ಗೇಟಿನಿಂದ ನಾವು ಹೊರಬಿದ್ದಾಗ ಎದುರಿನ ಚಹಾದಂಗಡಿಯವನು ಆಗಷ್ಟೇ ಒಲೆ ಹಚ್ಚುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲ, ಭತ್ತದ ಸುಗ್ಗಿ. ರಸ್ತೆಯ ಅರ್ಧಕ್ಕೆ ಜನ ಭತ್ತ ಹರವಿ ಒಣಹಾಕಿದ್ದರು, ಉಳಿದರ್ಧದಲ್ಲಿ ರೈಸ್ ಮಿಲ್ಲಿನ ಲಾರಿಗಳು ಓಡಾಡುತ್ತಿದ್ದವು. ನಾನು ಪಿಕಪ್ ಗಾಡಿಯ ಹಿಂದೆ ಕೂತಿದ್ದೆ. ನನ್ನ ತೊಡೆಯ ಮೇಲೆ ಅಕ್ಕನ ತಲೆ ಇತ್ತು. ಅಕ್ಕ ನೀಲಮ್ಮ ಬೆಳಕು ಹರಿಯುವ ಮುಂಚೆ ತೀರಿಕೊಂಡಿದ್ದಳು.

ಗಾಡಿ ಓಡಿಸುತ್ತಿದ್ದವನು ಆಕೆಯ ಗಂಡ ಅಮರೇಶ ಮಾಂವ. ನಮ್ಮ ಅವ್ವನ ಕಿರಿಯ ತಮ್ಮ ಅವನು. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರು. ಬೇರೆ ಡ್ರೈವರನನ್ನು ಕರೆಯೋಣ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಮದುವ್ಯಾಗಿ ಬರೂವಾಗ ಬಂಡಿ ನಾನಽ ಹೊಡಕೊಂಡು ಬಂದೀನಿ. ಈಗೂ ನಾನಽ ಒಯ್ತೀನಿ," ಎಂದು ಚಾವಿ ಕಿಸೆಗೆ ಹಾಕಿಕೊಂಡುಬಿಟ್ಟ.

ಪ್ರವಾಸ ಎಂದರೆ ಜನ ಕಾಶಿ, ರಾಮೇಶ್ವರಕ್ಕೆ ಹೋಗಿಬಂದದ್ದನ್ನು ಬರೆಯುತ್ತಾರೆ. ನಾನು ಸಿಂಧನೂರಿನಲ್ಲಿ ಪಡಸಾಲೆಯಲ್ಲಿ ಮಶೀನು ಹಾಕಿಕೊಂಡು ಜಂಪರು ಹೊಲಿಯುವವಳು. ನನಗೆ ಗೊತ್ತಿರುವ ದೊಡ್ಡ ಪ್ರವಾಸ ಇದೊಂದೇ. ಸಿಂಧನೂರಿನಿಂದ ಗೊರೇಬಾಳ, ಅಲ್ಲಿಂದ ಮಸ್ಕಿ, ಲಿಂಗಸುಗೂರು ದಾಟಿ ಮುದಗಲ್ ಕಡೆಯ ಹೊಲದವರೆಗೆ. ಬಸ್ಸಿನಲ್ಲಿ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವಷ್ಟು ದೂರ. ನಾವು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು.

ಗೊರೇಬಾಳ ಅಕ್ಕ ಬಾಳಿದ ಊರು. ಕಾಲುವೆ ನೀರು ಬಂದ ಮೇಲೆ ಮುದಗಲ್ಲಿನ ಕಲ್ಲುಹೊಲ ಬಿಟ್ಟು ಮಾಂವ ಇಲ್ಲಿಗೆ ಬಂದು ಗುತ್ತಿಗೆಗೆ ಗದ್ದೆ ಹಿಡಿದಿದ್ದ. ಭತ್ತದ ಚೀಲ ಸಾಗಿಸಲು ಒಬ್ಬ ಕಂತ್ರಾಟುದಾರನಿಂದ ಈ ಪಿಕಪ್ಪನ್ನು ಹಳೆಯದೇ ಕೊಂಡಿದ್ದ. ಪವರ್ ಸ್ಟೇರಿಂಗ್ ಇರುವ ಗಾಡಿ ಆಗ ನಮ್ಮ ಕಡೆ ಅಪರೂಪ. ಮೊದಲ ದಿನ ಅಕ್ಕನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಡು ಓಣಿಯಲ್ಲಿ ಒಂದೇ ಬೆರಳಿನಿಂದ ಗಾಡಿ ತಿರುಗಿಸಿ ತೋರಿಸಿದ್ದನಂತೆ. ಅಕ್ಕ ಸೆರಗು ಬಾಯಿಗಿಟ್ಟು ನಕ್ಕು, "ನಿನ್ನ ಗಾಡಿ ನನಗಿಂತ ಚೊಲೊ ಮಾತ ಕೇಳತೈತಿ ಬಿಡು," ಎಂದಿದ್ದಳಂತೆ. ಓಣಿಯವರೆಲ್ಲ ಆ ಮಾತನ್ನು ಆಡಿಕೊಂಡು ನಗುತ್ತಿದ್ದರು.

ಮನೆಯ ಮುಂದೆ ಅಕ್ಕನಿಗೆ ಸ್ನಾನ ಮಾಡಿಸಿದೆವು. ನಮ್ಮಲ್ಲಿ ಹೂಳುವುದು ಕೂಡಿಸಿಯೇ. ಮೈ ಬಿಗಿಯುವ ಮುಂಚೆ ಕಟ್ಟಿಗೆಯ ಕುರ್ಚಿಯಲ್ಲಿ ಕೂಡಿಸಿ, ಹಣೆಗೂ ಎದೆಗೂ ಬಟ್ಟೆ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿದರು. ಹಸಿರು ಸೀರೆ ಉಡಿಸಿದ್ದು ನಾನು. ಜಂಪರೂ ನಾನು ಹೊಲಿದದ್ದೇ; ಕಾಯಿಲೆಯಲ್ಲಿ ಮೈ ಇಳಿದು ತೋಳಿನಲ್ಲಿ ಅರ್ಧ ಗೇಣು ಸಡಿಲವಾಗಿತ್ತು, ಪಿನ್ನು ಹಾಕಿದೆ. ಹೆಣಕ್ಕೆ ಪಿನ್ನು ಯಾಕೆ ಎಂದು ಯಾರೋ ಅಂದರು. ಸಡಿಲ ಜಂಪರು ತೊಟ್ಟು ಆಕೆ ಎಂದೂ ಹೊರಗೆ ಹೋದವಳಲ್ಲ, ಇವತ್ತೂ ಹೋಗಬಾರದು ಎಂದು ನಾನು ಜಗಳಕ್ಕೇ ನಿಂತೆ.

ಜಗಳ ಆಡಬೇಕಾದದ್ದು ಬೇರೆಯೇ ಇತ್ತು. ಹಿಂದಿನ ದಿನ ಅಕ್ಕ ನನ್ನನ್ನೂ ಮಾಂವನನ್ನೂ ಹತ್ತಿರ ಕರೆದು, "ನನ್ನನ್ನ ಕೂಸಿನ ಬಾಜೂಕ ಹಾಕ್ರಿ. ಮುದಗಲ್ಲಿಗೆ ಒಯ್ಯಬ್ಯಾಡ್ರಿ," ಎಂದಿದ್ದಳು. ಗೊರೇಬಾಳ ಬಿಟ್ಟ ಕೂಡಲೇ ರಸ್ತೆ ತಿರುಗಿ ಕಾಲುವೆಯ ಸೇತುವೆಗೆ ಏರುತ್ತದೆ. ಆ ತಿರುವಿನ ಕೆಳಗೇ ಊರ ರುದ್ರಭೂಮಿ. ಅಲ್ಲಿ ಜಾಲಿಗಿಡದ ಬುಡದಲ್ಲಿ ಆಕೆಯ ಮಗಳಿದ್ದಳು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮುಂಚೆಯೇ ಹೋದ ಕೂಸು. ಮತ್ತೆ ಮಕ್ಕಳಾಗಲಿಲ್ಲ. ಅಕ್ಕ ಪ್ರತಿ ಅಮಾವಾಸ್ಯೆ ಅಲ್ಲಿಗೆ ಹೋಗಿ ಒಂದು ಬಟ್ಟಲು ಹಾಲು ಇಟ್ಟು ಬರುತ್ತಿದ್ದಳು. ನಾಯಿ ಕುಡಿದು ಹೋಗತೈತಿ ಎಂದರೆ, "ಕುಡೀಲಿ ಬಿಡು, ಅದರ ಬಾಯಿಲೆ ಆಕಿಗೆ ಮುಟ್ಟಲಿ," ಎನ್ನುತ್ತಿದ್ದಳು.

ಆದರೆ ಅಕ್ಕನಿಗೆ ಜೋರಾಗಿದೆ ಎಂಬ ಸುದ್ದಿ ಕೇಳಿ ಮೊದಲ ಬಸ್ಸಿಗೆ ಮುದಗಲ್ಲಿನಿಂದ ಸಂಗಣ್ಣ ದೊಡ್ಡಮಾಂವ ಬಂದು ಇಳಿದಿದ್ದರು. ಅಮರೇಶ ಮಾಂವನ ಅಣ್ಣ. ತಂದೆ ಇಲ್ಲದ ತಮ್ಮನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ನಾನು ಅಕ್ಕನ ಮಾತನ್ನು ನೇರವಾಗಿಯೇ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೂ ಮಾತು ಸಿಗುತ್ತಿತ್ತು.

"ಗಂಗಾ, ಇದು ಗುತ್ತಿಗಿ ಹೊಲ ಮಾಡೂ ಊರವ್ವ," ಎಂದರು. "ನಾಳೆ ಗೌಡ ಹೊಲ ಬಿಡು ಅಂದ್ರ ಇಂವ ಮತ್ತೆಲ್ಲೋ ಹೋಗ್ತಾನ. ಆಮ್ಯಾಲ ಈಕಿ ಗದ್ದಿಗಿಗೆ ದೀಪ ಹಚ್ಚವ್ರು ಯಾರು? ನಮ್ಮ ಹೊಲದಾಗ ಅವ್ವ ಅದಾಳ, ಅಪ್ಪ ಅದಾನ. ಹಿರೇರ ಸಾಲಿನಾಗ ಇರಲಿ."

"ಬಾಯಿ ಬಿಟ್ಟು ಹೇಳ್ಯಾಳ್ರಿ ದೊಡ್ಡಮಾಂವ."

"ಸಂಕಟದಾಗ ಮನಷ್ಯಾ ನೂರು ಹೇಳ್ತಾನ," ಎಂದು ಅವರು ತಮ್ಮನ ಕಡೆ ನೋಡಿದರು. ಅಣ್ಣನ ಮಾತಿಗೆ ಎಂದೂ ಎದುರಾಡದ ಅಮರೇಶ ಮಾಂವ ಗಾಡಿಯ ಟೈರು ನೋಡುತ್ತ ನಿಂತ. ಅಲ್ಲಿಗೆ ಮುಗಿಯಿತು.

ಕುರ್ಚಿಯನ್ನು ಗಾಡಿಯ ಮೇಲೆ ಏರಿಸಿ, ಕ್ಯಾಬಿನ್ನಿಗೆ ಬೆನ್ನು ಕೊಟ್ಟು ಹಗ್ಗದಿಂದ ಬಿಗಿದರು. ಹಾಗಾಗಿ ಅಕ್ಕನ ಮುಖ ಹಿಂದಕ್ಕೆ, ಊರಿನ ಕಡೆಗೇ ಆಯಿತು. ಪಕ್ಕದಲ್ಲಿ ನಾನು ಮತ್ತು ಓಣಿಯ ಹುಲಿಗೆಮ್ಮ ಕೂತೆವು. ಹುಲಿಗೆಮ್ಮ ಮುದುಕಿ, ಅಕ್ಕನ ಬಾಣಂತನ ಮಾಡಿದವಳು, ಕೂಸನ್ನು ಮಣ್ಣಿಗೆ ಕಳಿಸಿದಾಗ ಎದೆಹಾಲು ಬತ್ತಿಸಲು ಮಲ್ಲಿಗೆ ಹೂವು ಕಟ್ಟಿದವಳು. ಅವಳನ್ನು ಬರಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡಮಾಂವ ಮುಂದೆ ತಮ್ಮನ ಪಕ್ಕದಲ್ಲಿ ಕೂತರು.

ಊರು ದಾಟಿ ಸೇತುವೆಯ ಏರು ಹಿಡಿದೆವು. ಕ್ಯಾಬಿನ್ನಿನ ಹಿಂದಿನ ಕಿಟಕಿಗೆ ಗಾಜು ಇರಲಿಲ್ಲ, ಮಾಂವನ ಎರಡು ತೋಳುಗಳೂ ನನಗೆ ಕಾಣುತ್ತಿದ್ದವು. ಆ ತಿರುವಿಗೆ ಬಂದಾಗ ಕುಂಯ್ ಎಂದು ಒಂದು ಸಣ್ಣ ದನಿ ಎದ್ದಿತು. ಮಾಂವ ಸ್ಟೇರಿಂಗ್ ತಿರುಗಿಸಿದ, ಅದು ತಿರುಗಲಿಲ್ಲ. ಒಂದು ಬೆರಳಿಗೆ ತಿರುಗುತ್ತಿದ್ದ ಚಕ್ರವನ್ನು ಸೀಟಿನಿಂದ ಅರ್ಧ ಎದ್ದು, ಎರಡು ಕೈಯಿಂದ ಜಗ್ಗಿದ. ಗಾಡಿ ರಸ್ತೆಯ ಅಂಚಿಗೆ ಹೋಗಿ ಬಂದು, ಹೇಗೋ ತಿರುವು ದಾಟಿ ಸೇತುವೆಯ ಮೇಲೆ ನಿಂತಿತು. ನಾನು ಕೆಳಗೆ ನೋಡಿದೆ. ಜಾಲಿಗಿಡ ನೇರ ಕೆಳಗಿತ್ತು.

"ಏನಾತು?" ಎಂದರು ದೊಡ್ಡಮಾಂವ.

"ಭಾರ ಆತು," ಎಂದ ಮಾಂವ. "ಒಮ್ಮೆಲೇ ಭಾರ ಆತು."

ಆ ಮಾತು ಕೇಳಿದ್ದೇ ಹುಲಿಗೆಮ್ಮ ಕುರ್ಚಿಯ ಕಾಲು ಹಿಡಿದುಕೊಂಡಳು. "ಆಕಿ ಒಲ್ಲೆ ಅನ್ನಾಕತ್ಯಾಳ! ದೇವರ ಪಲ್ಲಕ್ಕಿ ಭಾರ ಆಗೂದು ನೋಡಿಲ್ಲೇನು ನೀವು? ಮನಸಿಲ್ಲದ ಕಡೆ ಒಯ್ದ್ರ ಹಿಂಗಽ ಆಗೂದು. ಯವ್ವಾ ನೀಲಾ, ನನಗ ತಿಳೀತವ್ವ, ನನಗ ತಿಳೀತು."

ಕೇಳುವವರು ನಗಬಹುದು. ಆ ಸೇತುವೆಯ ಮೇಲೆ ನಮ್ಮಲ್ಲಿ ಯಾರೂ ನಗಲಿಲ್ಲ. ಹೆಣ ಹೊತ್ತವರು ನಡುದಾರಿಯಲ್ಲಿ ಭಾರ ತಾಳದೆ ಇಳಿಸಿ, "ಏನು ಉಳದೈತಿ ಹೇಳವ್ವ," ಎಂದು ಕೇಳಿದ್ದನ್ನು ನಾವೆಲ್ಲ ಕಂಡವರೇ. ದೊಡ್ಡಮಾಂವ ಕೂಡ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ, "ನಡಿ, ಮಸ್ಕ್ಯಾಗ ಮಿಸ್ತ್ರಿಗೆ ತೋರಸೂಣು," ಎಂದರು. ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತೇನೆ: ಗಾಡಿ ಇಲ್ಲೇ ಕೆಟ್ಟು ನಿಲ್ಲಲಿ, ಒಂದು ಹೆಜ್ಜೆ ಮುಂದೆ ಹೋಗದಿರಲಿ ಎಂದು ನಾನು ಬೇಡಿಕೊಂಡೆ. ನೆಟ್ಟಗಿನ ರಸ್ತೆಯಲ್ಲಿ ಗಾಡಿ ಓಡಿಯೇ ಓಡಿತು. ಪ್ರತಿ ತಿರುವಿನಲ್ಲೂ ಆ ಕುಂಯ್ ದನಿ, ಪ್ರತಿ ತಿರುವಿನಲ್ಲೂ ಮಾಂವನ ಬೆನ್ನು ಬಾಗುವುದು.

ಮಸ್ಕಿಗೆ ಬಂದಾಗ ಬಿಸಿಲು ಗುಡ್ಡದ ಬಂಡೆಗಳ ಮೇಲೆ ಏರಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಮಿಸ್ತ್ರಿ ಟ್ರ್ಯಾಕ್ಟರು, ಲಾರಿ ನೋಡುವವನು. ಟೈರು ಒದ್ದು ನೋಡಿದ, ಮುಂದಿನ ಗಾಲಿಗಳಿಗೆ ಗಾಳಿ ತುಂಬಿದ, ಗಾಡಿ ಕೆಳಗೆ ಮಲಗಿ ಗ್ರೀಸು ಹೊಡೆದ. ಎದ್ದು ಕೈ ಒರೆಸಿಕೊಳ್ಳುತ್ತ, "ಲೋಡ್ ಏನು ಹಾಕೀರಿ? ಮುಂದಕ ಬಿದ್ದೈತೇನು?" ಎನ್ನುತ್ತ ಹಿಂದೆ ಬಂದವನು ಅಕ್ಕನನ್ನು ನೋಡಿ ನಿಂತುಬಿಟ್ಟ. ಆಮೇಲೆ ಕೈಯಲ್ಲಿದ್ದ ಗ್ರೀಸಿನ ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, "ಈ ಪವರ್ ಸ್ಟೇರಿಂಗ್ ನಾ ಬಿಚ್ಚಿಲ್ರಿ. ಲಿಂಗಸುಗೂರಾಗ ಮಹಬೂಬಸಾಬಗ ತೋರಸ್ರಿ," ಎಂದ.

ದೊಡ್ಡಮಾಂವನಿಗೆ ಹೊತ್ತಾಗುವ ಚಿಂತೆ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಅಲ್ಲಿ ಜನ ಕಾಯುತ್ತಿರುತ್ತಾರೆ. ಅಷ್ಟರಲ್ಲಿ ಲಿಂಗಸುಗೂರಿನ ಬಸ್ಸು ಬಂದು ನಿಂತಿತು. "ನಾ ಮುಂದ ಹೋಗಿ ಎಲ್ಲಾ ತಯಾರಿ ಮಾಡಿಸ್ತೀನಿ. ನೀವು ಸಾವಕಾಶ ಬರ್ರಿ," ಎಂದು ಹತ್ತಿಕೊಂಡರು. ಬಾಗಿಲಲ್ಲಿ ನಿಂತು ತಮ್ಮನಿಗೆ, "ತಮ್ಮಾ, ಚಹಾ ಆದ್ರೂ ಕುಡಿ," ಎಂದು ಕೂಗಿದರು. ನನಗೆ ಅವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಕಷ್ಟವಾಯಿತು.

ಬಸ್ಸು ಹೋದ ಮೇಲೆ ಹುಲಿಗೆಮ್ಮ ತೆಂಗಿನಕಾಯಿ ತಂದಳು. ಮುಂದಿನ ಗಾಲಿಯ ಎದುರು ಒಡೆದು, ನೀರನ್ನು ಟೈರಿಗೆ ಸುರಿದು, ಅಕ್ಕನ ಕಡೆ ತಿರುಗಿ ಕೈಮುಗಿದಳು. "ದಾರ್ಯಾಗ ಹಟ ಮಾಡಬ್ಯಾಡವ್ವ. ನಿನ್ನ ಮಾತ ನಾವು ಕೇಳೂಣು, ಹಗುರಾಗು." ಮಾಂವ ಇಂಜಿನ್ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದ. ಹಗುರಾಗಿ ತಿರುಗಿತು. "ಕೇಳ್ಯಾಳ, ಕೇಳ್ಯಾಳ," ಎಂದು ಹುಲಿಗೆಮ್ಮ ಅಳುತ್ತಲೇ ನಕ್ಕಳು. ಪಕ್ಕದ ಚಹಾದಂಗಡಿಯವನು ಕೊಟ್ಟ ಚಹಾವನ್ನು ಮಾಂವ ನಿಂತುಕೊಂಡೇ ಕುಡಿದ. ಆ ದಿನ ಅವನ ಹೊಟ್ಟೆಗೆ ಹೋದದ್ದು ಅದೊಂದೇ.

ಮಸ್ಕಿಯಿಂದ ನಾನು ಮುಂದೆ ಕೂತೆ. ಊರು ದಾಟಿ ಸ್ವಲ್ಪ ದೂರ ಹೋಗುತ್ತಲೇ ಮತ್ತೆ ಕುಂಯ್ ಎಂದಿತು, ಮತ್ತೆ ಭಾರವಾಯಿತು. ಕಾಲುವೆ ಸೀಮೆಯ ಹಸಿರು ಹಿಂದೆ ಉಳಿದು ಎರಡೂ ಕಡೆ ಜೋಳದ ಹೊಲ, ನಡುವೆ ಕಲ್ಲಿನ ಬೋರೆಗಳು. ಮಾಂವ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಗಾಡಿ ನನಗಿಂತ ಚೊಲೊ ಮಾತ ಕೇಳತೈತಿ ಅಂತಿದ್ಲಲ್ಲ," ಎಂದ. "ಈಗ ನೋಡು, ಇದೂ ಆಕಿ ಪಾರ್ಟಿ ಸೇರೇತಿ."

"ಹಂಗಾದ್ರ ತಿರುವು ಮಾಂವ. ದೊಡ್ಡಮಾಂವ ಇಲ್ಲ ಈಗ."

"ತಿರುವಾಕ ಬರಬೇಕಲ್ಲ ಗಂಗಾ," ಎಂದು ಸ್ಟೇರಿಂಗನ್ನೇ ನೋಡಿದ. ಅದು ಉತ್ತರವೋ ನೆಪವೋ ನನಗೆ ತಿಳಿಯಲಿಲ್ಲ.

ಒಂದು ಇಳಿಜಾರಿನಲ್ಲಿ ಎದುರಿನಿಂದ ಜೋಳದ ಒಣ ಸೊಪ್ಪೆ ಹೇರಿದ ಬಂಡಿ ನಡುರಸ್ತೆಯಲ್ಲೇ ಬಂತು. ಮಾಂವ ಎಡಕ್ಕೆ ಜಗ್ಗಿದ, ಗಾಲಿ ಬರಲಿಲ್ಲ. ನಾನು ಯೋಚನೆ ಮಾಡದೆ ಸ್ಟೇರಿಂಗಿಗೆ ಕೈ ಹಾಕಿ ಅವನ ಜೊತೆ ಎಳೆದೆ. ಎತ್ತಿನ ಕೊಂಬು ಕನ್ನಡಿಗೆ ತಾಗಿ ಕನ್ನಡಿ ಮಡಚಿಕೊಂಡಿತು, ಅಷ್ಟರಲ್ಲೇ ಉಳಿದೆವು. ಹಿಂದಿನಿಂದ ಹುಲಿಗೆಮ್ಮ ಕಿರುಚಿದಳು. ನಿಲ್ಲಿಸಿ ಹೋಗಿ ನೋಡಿದರೆ ಅಕ್ಕನ ಮೈ ಒಂದು ಕಡೆ ವಾಲಿತ್ತು, ಹಣೆಯ ಬಟ್ಟೆ ಸಡಿಲಾಗಿತ್ತು. ಮಾಂವ ಮೇಲೆ ಹತ್ತಿ, ಮತ್ತೆ ನೆಟ್ಟಗೆ ಕೂಡಿಸಿ, ಬಟ್ಟೆ ಬಿಗಿದ. "ತಪ್ಪಾತು, ತಪ್ಪಾತು," ಎಂದು ಆಕೆಗೆ ಹೇಳುತ್ತಿದ್ದ. ಇನ್ನು ಗಾಡಿ ರಿಪೇರಿ ಮಾಡಿಸದೆ ಎತ್ತ ಕಡೆ ಹೋಗುವುದೂ ಆಗದ ಮಾತು ಎಂದು ಆಗ ಇಬ್ಬರಿಗೂ ಖಾತ್ರಿಯಾಯಿತು.

ಲಿಂಗಸುಗೂರಿನಲ್ಲಿ ಮಹಬೂಬಸಾಬನ ಗ್ಯಾರೇಜು ಊರು ಮುಟ್ಟುವಾಗಲೇ ಸಿಗುತ್ತದೆ. ಎದುರಿಗೆ ಬೇವಿನ ಮರ, ಹಿಂದೆ ಅವನ ಮನೆ. ದಪ್ಪ ಮನುಷ್ಯ, ಕಿವಿಯ ಮೇಲೆ ಅರ್ಧ ಬೀಡಿ. ಗಾಡಿಯಲ್ಲಿ ಯಾರಿದ್ದಾರೆಂದು ನೋಡಿದ ಕೂಡಲೇ ರೇಡಿಯೋ ಬಂದ್ ಮಾಡಿದ. ಮಾಂವ ನಡೆದದ್ದನ್ನೆಲ್ಲ ಹೇಳಿದ, ಸೇತುವೆಯ ತಿರುವು, ಭಾರವಾದದ್ದು, ಕಾಯಿ ಒಡೆದ ಮೇಲೆ ಹಗುರಾದದ್ದು. ಮಹಬೂಬಸಾಬ ನಗಲಿಲ್ಲ.

ಬಾನೆಟ್ ಎತ್ತಿ ಮೊದಲು ಬೆಲ್ಟು ಒತ್ತಿ ನೋಡಿದ, ಬಿಗಿಯಾಗೇ ಇತ್ತು. ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಬೆರಳು ಅದ್ದಿದ. ಕೆಂಪಗಿರಬೇಕಾದ ಎಣ್ಣೆ ಕರ್ರಗಾಗಿ ನೊರೆ ಕಟ್ಟಿತ್ತು. ಬೆರಳನ್ನು ಬಿಸಿಲಿಗೆ ಹಿಡಿದರೆ ಸಣ್ಣಗೆ ಬೆಳ್ಳಿಪುಡಿಯಂತೆ ಹೊಳೆಯಿತು. ಮಾಂವನಿಗೆ ಸ್ಟೇರಿಂಗ್ ತಿರುಗಿಸುತ್ತ ಇರಲು ಹೇಳಿ, ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಪಂಪಿನ ಮೇಲೆ ಇಟ್ಟು ಹಿಡಿಯನ್ನು ತನ್ನ ಕಿವಿಗೆ ಒತ್ತಿಕೊಂಡ. ಕಣ್ಣು ಮುಚ್ಚಿ ಕೇಳಿದ. ನನ್ನ ಹೊಲಿಗೆ ಮಶೀನು ಬಿಗಿ ಹಿಡಿದಾಗ ನಾನೂ ಅದರ ಮೈಗೆ ಕಿವಿ ಇಡುತ್ತೇನೆ, ಆದ್ದರಿಂದ ಅದು ನನಗೆ ವಿಚಿತ್ರ ಅನ್ನಿಸಲಿಲ್ಲ.

"ಪಂಪ್ ಖತಂ ಆಗೈತಿ ಭಾಯ್," ಎಂದ. "ಒಳಗ ಸವದು ಪುಡಿ ಉದುರಾಕತೈತಿ. ಎಣ್ಣಿ ಕಾದ್ರ ಜೋರು ಇಲ್ಲ. ಮಸ್ಕ್ಯಾಗ ಜರಾ ನಿಂತು ಥಂಡಾ ಆತು, ಅದಕ್ಕ ಹಗುರ ಅನಸ್ತು."

"ಮತ್ತ ಗೊರೇಬಾಳದ ತಿರುವಿನಾಗಽ ಯಾಕ?" ಎಂದ ಮಾಂವ.

"ಏರು, ತಿರುವು, ಗಾಡಿ ಮೆಲ್ಲಕ. ಅಂಥಲ್ಲೆ ಪಂಪಿಗೆ ದಮ್ಮು ಬೇಕಾಕೈತಿ." ಮಹಬೂಬಸಾಬ ಅಷ್ಟಕ್ಕೆ ಸುಮ್ಮನಿರದೆ ಪಾಠವನ್ನೂ ಹೇಳಿದ. "ಇಂಜಿನ್ ತಿರುಗಿದ್ರ ಬೆಲ್ಟ್, ಬೆಲ್ಟ್ ತಿರುಗಿದ್ರ ಪಂಪ್. ಇಂಜಿನ್ ಬಂದ್ ಮಾಡಿ ನೋಡ್ರಿ, ಹೊಸಾ ಪಂಪ್ ಇದ್ರೂ ಸ್ಟೇರಿಂಗ್ ಇಷ್ಟಽ ಭಾರ."

ಮಾಂವ ಅದನ್ನು ಕೇಳಿಸಿಕೊಂಡ ರೀತಿ ನನಗೆ ನೆನಪಿದೆ. ಸಮಾಧಾನ ಆದವನ ಮುಖ ಅಲ್ಲ. ಕೈಯಲ್ಲಿದ್ದದ್ದನ್ನು ಯಾರೋ ಕಸಿದುಕೊಂಡಂತಿತ್ತು. ಮಹಬೂಬಸಾಬ ಅವನನ್ನೇ ನೋಡುತ್ತಿದ್ದವನು ದನಿ ತಗ್ಗಿಸಿ, "ಪಂಪ್ ಸವಿಯೂದು ಖರೇ. ಇವತ್ತಽ ಯಾಕ ಸವೀತು, ಅದು ನನಗ ಹೇಳಾಕ ಬರೂದಿಲ್ಲ," ಎಂದ.

ಅಂಗಳದ ಮೂಲೆಯಲ್ಲಿ ಅಪಘಾತವಾದ ಒಂದು ಜೀಪು ಬಿದ್ದಿತ್ತು, ಅದರ ಪಂಪು ಇದಕ್ಕೆ ಹೊಂದುತ್ತದೆ ಎಂದ. ಆದರೆ ಗಾಡಿಯ ಮುಂಭಾಗವನ್ನು ಜಾಕಿನ ಮೇಲೆ ಎತ್ತಬೇಕು. "ಎತ್ತಿದ್ರ ಆಕಿ ಹಿಂದಕ ಜಾರತಾಳ," ಎಂದು ಹುಲಿಗೆಮ್ಮ ಅಡ್ಡ ಬಂದಳು. ಕೊನೆಗೆ ಕುರ್ಚಿಯನ್ನು ಇಳಿಸಿ ಬೇವಿನ ನೆರಳಿಗೆ ಒಯ್ದೆವು. ಮಹಬೂಬಸಾಬನ ಹೆಂಡತಿ ಒಳಗಿನಿಂದ ಒಗೆದ ಚಾದರ ತಂದು ಬಿಸಿಲು ಬರುವ ಕಡೆ ಕಟ್ಟಿದಳು, ಊದುಬತ್ತಿ ಹಚ್ಚಿದಳು. "ಮಾರಿ ಯಾವ ಕಡೆ ಮಾಡ್ತೀರವ್ವ?" ಎಂದು ಕೇಳಿದಳು. ಹುಲಿಗೆಮ್ಮ ಯಾರನ್ನೂ ಕೇಳದೆ ಕುರ್ಚಿಯನ್ನು ನಾವು ಬಂದ ದಾರಿಯ ಕಡೆಗೆ ತಿರುಗಿಸಿದಳು.

ಮಹಬೂಬಸಾಬ ಬೆಲ್ಟು ಸಡಿಲಿಸಿ, ಎರಡು ಪೈಪು ಬಿಚ್ಚಿ, ಹಳೆಯ ಪಂಪನ್ನು ಹೊರತೆಗೆದ. ಕಪ್ಪು ಎಣ್ಣೆ ತಗಡಿನ ಡಬ್ಬಿಗೆ ಸುರಿಯಿತು. ಒಳಗೆ ಪುಡಿ ಉಳಿದರೆ ಇದನ್ನೂ ತಿನ್ನುತ್ತದೆ ಎಂದು ಪೈಪುಗಳನ್ನು ಮತ್ತೆ ಮತ್ತೆ ತೊಳೆದ. ಜೀಪಿನ ಪಂಪು ಕೂಡಿಸಿ ಬೋಲ್ಟು ಬಿಗಿಯುವಾಗ ಮಾಂವ ಕಾಯಲಾರದೆ ನನ್ನ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕೂತ. ಅಕ್ಕನ ಪಾದದ ಮೇಲೆ ಬಿದ್ದಿದ್ದ ಬೇವಿನೆಲೆಗಳನ್ನು ಒಂದೊಂದಾಗಿ ಆರಿಸಿದ.

"ಗಂಗಾ, ತಿರುವೂಣೇನು?" ಎಂದ.

ನನಗೆ ನಂಬಿಕೆಯೇ ಬರಲಿಲ್ಲ. "ತಿರುವು ಮಾಂವ. ಪಂಪೂ ಚೊಲೊ ಆಗತೈತಿ. ಹೊತ್ತು ಮುಳುಗೂದ್ರಾಗ ಗೊರೇಬಾಳ ಮುಟ್ತೀವಿ."

"ಅಣ್ಣಗ ಒಂದು ಮಾತ ಹೇಳಿಬಿಡ್ತೀನಿ. ಹೇಳದ ಹೆಂಗ ತಿರುವಲಿ?" ಎಂದು ಎದ್ದು ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಹೋದ. ಮುದಗಲ್ಲಿನಲ್ಲಿ ಕಿರಾಣಿ ಅಂಗಡಿಗೆ ಫೋನು ಹೋಗಬೇಕು, ಅಲ್ಲಿಂದ ಯಾರಾದರೂ ಓಡಿ ಕರೆಯಬೇಕು. ಗಾಜಿನ ಹಿಂದೆ ಅವನ ಬೆನ್ನು ಕಾಣುತ್ತಿತ್ತು. ಅವನ ಬಾಯಿಂದ ಆ ಮಾತು ಹೊರಬೀಳಲಿ ಎಂದು ನಾನು ಅಕ್ಕನ ಕೈ ಹಿಡಿದುಕೊಂಡು ಕೂತೆ. ಕೈ ಕಲ್ಲಾಗಿತ್ತು.

ಮಾಂವ ಮರಳಿ ಬಂದಾಗ ಅವನ ನಡಿಗೆಯಲ್ಲೇ ನನಗೆ ತಿಳಿಯಿತು. "ಕುಣಿ ತಗದಾರ," ಎಂದ.

ನಮ್ಮಲ್ಲಿ ತೆಗೆದ ಕುಣಿಯನ್ನು ಬರಿದು ಬಿಡುವುದಿಲ್ಲ. ಬಿಟ್ಟರೆ ಅದು ಮನೆಯ ಇನ್ನೊಬ್ಬರನ್ನು ಕರೆಯುತ್ತದೆ. ಯಾರದ್ದೋ ಮನೆಯಲ್ಲಿ ಹಾಗೆ ಬಿಟ್ಟದ್ದಕ್ಕೆ ವರ್ಷದೊಳಗೆ ಸೊಸೆ ಹೋದಳು ಎಂಬ ಕಥೆಗಳು ನಮಗೆಲ್ಲ ಬಾಯಿಪಾಠ. ದೊಡ್ಡಮಾಂವನ ಮನೆಯಲ್ಲಿ ಬಸುರಿ ಸೊಸೆ ಇದ್ದಳು. ಅಕ್ಕನ ಮಾತಿಗೆ ಹೆಣದ ಭಾರ ಸಾಕ್ಷಿ ಎಂದು ನಂಬಿದವರೇ ನಾವು. ಕುಣಿಯ ಮಾತನ್ನು ಮಾತ್ರ ನಂಬುವುದಿಲ್ಲ ಎಂದು ಹೇಗೆ ಹೇಳುವುದು? ನಾನು ಹುಲಿಗೆಮ್ಮನ ಮುಖ ನೋಡಿದೆ. ದಾರಿಯುದ್ದಕ್ಕೂ ಅಕ್ಕನ ಪರ ಮಾತಾಡಿದ ಆ ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಮಸ್ಕ್ಯಾಗಽ ತಿರುವಬೇಕಿತ್ತು," ಎಂದಳು.

ಮಸ್ಕಿಯಲ್ಲಿ ಒಂದು ಗಳಿಗೆ ಹಗುರಾದರೂ ತಿರುಗಿಸಿ ಹೋಗಲು ಸ್ಟೇರಿಂಗ್ ಸರಿ ಇರಲಿಲ್ಲ. ಸ್ಟೇರಿಂಗ್ ಸರಿಯಾಗುವಷ್ಟರಲ್ಲಿ ಕುಣಿ ತಯಾರಾಗಿತ್ತು. ಇದನ್ನು ಯಾರ ಮೇಲೆ ಹೊರಿಸುವುದು ಎಂದು ನಾನು ಇವತ್ತಿಗೂ ಹುಡುಕುತ್ತೇನೆ.

ಮಹಬೂಬಸಾಬ ಹೊಸ ಕೆಂಪು ಎಣ್ಣೆ ತುಂಬಿದ. "ಬರ್ರಿ ಭಾಯ್, ಕೂಡ್ರಿ. ಈ ಕಡೆಯಿಂದ ಆ ಕಡೆ ಪೂರಾ ತಿರುವ್ರಿ. ಒಳಗಿನ ಗಾಳಿ ಹೋಗಬೇಕು," ಎಂದ. ಮಾಂವ ಕೂತು ಎಡಕ್ಕೆ ಪೂರ್ತಿ ತಿರುಗಿಸಿದ, ಬಲಕ್ಕೆ ಪೂರ್ತಿ ತಿರುಗಿಸಿದ. ಡಬ್ಬಿಯಲ್ಲಿ ಗುಳ್ಳೆಗಳು ಎದ್ದು ಒಡೆದವು. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಕುಂಯ್ ದನಿ ಸಣ್ಣದಾಗುತ್ತ ಆಗುತ್ತ ನಿಂತೇ ಹೋಯಿತು. ಮಾಂವ ಒಂದು ಬೆರಳಿನಿಂದ ತಿರುಗಿಸಿ ನೋಡಿದ. ತಿರುಗಿತು.

"ಹಗುರ ಆತ?" ಎಂದು ಮಹಬೂಬಸಾಬ ಕೇಳಿದ.

"ಹಗುರ ಆತು," ಎಂದ ಮಾಂವ. ಆಮೇಲೆ ಸ್ಟೇರಿಂಗ್ ಮೇಲೆ ಹಣೆ ಇಟ್ಟು ಜೋರಾಗಿ ಅತ್ತುಬಿಟ್ಟ. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮನೆಯ ಮುಂದೆ ಅತ್ತಿರಲಿಲ್ಲ. "ಸುಮ್ಮನಾದ್ಲಲ್ಲೋ ಮಾರಾಯ. ಇಲ್ಲಿತನಕ ಏನೋ ಹೇಳಾಕತ್ತಿದ್ಲು, ಈಗ ಪೂರಾ ಸುಮ್ಮನಾದ್ಲು." ಮಹಬೂಬಸಾಬ ಎಣ್ಣೆಗೈಯನ್ನು ಅಂಗಿಗೆ ಒರೆಸಿ ಅವನ ಬೆನ್ನ ಮೇಲೆ ಇಟ್ಟುಕೊಂಡು ನಿಂತ. ಪಂಪಿಗೂ ಕೆಲಸಕ್ಕೂ ದುಡ್ಡನ್ನು ಮೊದಲು ಬೇಡ ಎಂದವನು, ಋಣ ಹೊತ್ತ ಹೆಣ ಒಯ್ಯಬಾರದು ಎಂದು ಹುಲಿಗೆಮ್ಮ ಗದರಿದ ಮೇಲೆ ತೆಗೆದುಕೊಂಡ.

ಲಿಂಗಸುಗೂರಿನಿಂದ ಮುದಗಲ್ಲಿನ ದಾರಿ ಹೇಗಿತ್ತು ಎಂದು ಕೇಳಿದರೆ ನನಗೆ ಬರೆಯಲು ಏನೂ ಇಲ್ಲ. ಗಾಡಿ ಎಲ್ಲೂ ತಡೆಯಲಿಲ್ಲ. ಕೋಟೆಯ ಗೋಡೆ ಕಂಡಾಗ ಬಿಸಿಲು ಹಳದಿಯಾಗಿತ್ತು. ಹೊಲದಲ್ಲಿ ಜನ ನೆರೆದಿದ್ದರು. ದೊಡ್ಡಮಾಂವ ಕುಣಿಯ ಒಳಮೈಗೆ ತಾವೇ ಕೈಯಾರೆ ಸಗಣಿ ಸಾರಿಸಿದ್ದರು. ಅಕ್ಕನನ್ನು ಅವರ ಅವ್ವನ, ಅಂದರೆ ನಮ್ಮ ಅಜ್ಜಿಯ, ಬಾಜೂಕ ಕೂಡಿಸಿದರು. ಮಣ್ಣು ಹಾಕುವ ಮುಂಚೆ ನಾನು ಬಗ್ಗಿ ತೋಳಿನ ಪಿನ್ನು ನೋಡಿದೆ. ಅಷ್ಟೆಲ್ಲ ಕುಲುಕಾಟದಲ್ಲೂ ಬಿಚ್ಚಿರಲಿಲ್ಲ.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ನಾವು ತಿರುಗಿ ಹೊರಟೆವು. ಮಾಂವ ಗದ್ದಿಗೆಯಿಂದ ಒಂದು ಹಿಡಿ ಮಣ್ಣು ತೆಗೆದು ಅಕ್ಕ ಕುಂಕುಮ ಕಟ್ಟಿಡುತ್ತಿದ್ದ ಬಟ್ಟೆಯಲ್ಲಿ ಕಟ್ಟಿಕೊಂಡ. ದೊಡ್ಡಮಾಂವ ನೋಡುತ್ತಿದ್ದರು. ಗಾಡಿ ಹೊರಡುವಾಗ ಕಿಟಕಿಗೆ ಬಂದು, "ಗಂಗಾ, ನಾ ತಪ್ಪು ಮಾಡಿದ್ನೇನವ್ವ?" ಎಂದು ಕೇಳಿದರು. "ದೀಪ ಹಚ್ಚರಿ ದೊಡ್ಡಮಾಂವ," ಎಂದೆ.

ಲಿಂಗಸುಗೂರಿನಲ್ಲಿ ಮಹಬೂಬಸಾಬ ಕೈ ಎತ್ತಿದ. ಮಸ್ಕಿಯಲ್ಲಿ ಮೂವರೂ ಚಹಾ ಕುಡಿದೆವು. ಜೋಳದ ಹೊಲ ಮುಗಿದು ಕಾಲುವೆಯ ಹಸಿರು ಶುರುವಾಯಿತು, ಗಾಳಿಯಲ್ಲಿ ಹಸಿ ಹುಲ್ಲಿನ ವಾಸನೆ ಬಂತು. ಸೇತುವೆ ಹತ್ತಿದೆವು. ಅಲ್ಲಿಂದ ರಸ್ತೆ ಕೆಳಗಿಳಿಯುತ್ತ ಗೊರೇಬಾಳದ ಕಡೆಗೆ ತಿರುಗುತ್ತದೆ. ಇಳಿಜಾರು ಶುರುವಾದ ಕಡೆ ಮಾಂವ ಇಂಜಿನ್ ಬಂದ್ ಮಾಡಿದ.

ಸದ್ದು ನಿಂತಿತು. ಗಾಡಿ ತನ್ನಷ್ಟಕ್ಕೆ ಮೆಲ್ಲಗೆ ಇಳಿಯತೊಡಗಿತು. ಹಿಂದಿನಿಂದ ಹುಲಿಗೆಮ್ಮ, "ಏನಾತಪ್ಪ ಮತ್ತ?" ಎಂದು ಕೂಗಿದಳು. ಜಾಲಿಗಿಡದ ತಿರುವು ಬಂದಾಗ ಮಾಂವ ಸೀಟಿನಿಂದ ಅರ್ಧ ಎದ್ದು, ಎರಡೂ ಕೈ ಹಾಕಿ, ಮೈ ಭಾರವನ್ನೆಲ್ಲ ಬಿಟ್ಟು ಸ್ಟೇರಿಂಗ್ ಜಗ್ಗಿದ. ಕೊರಳ ನರ ಉಬ್ಬಿದವು.

"ಬಂದ್ಲು," ಎಂದ.

ನಾನೂ ಸ್ಟೇರಿಂಗ್ ಮೇಲೆ ಕೈ ಇಟ್ಟೆ. ಭಾರ ಇತ್ತು. ಇಬ್ಬರೂ ಸೇರಿ ತಿರುಗಿಸಿ, ಕೂಸಿನ ಹತ್ತಿರ ಗಾಡಿ ನಿಲ್ಲಿಸಿದೆವು.